ಭೌತಶಾಸ್ತ್ರದ ಪದವಿ: ಅರ್ಜಿ ತುಂಬುವ ಮೊದಲು

(ಕಣಗಿನಹಾಳದಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ದತ್ತಿ ಉಪನ್ಯಾಸವೆಂದರೆ ಶರಣರ ಬಗ್ಗೆಯೋ ಕುಮಾರವ್ಯಾಸನ ಬಗ್ಗೆಯೋ ಮಾತಾಡುವುದು ನಮ್ಮ ಗದಗ ಸೀಮೆಯ ರೂಢಿ. ವಿಜ್ಞಾನದ ಮಾಸ್ತರನನ್ನು ಕರೆಸಿದರೆ ಗ್ರಹ, ನಕ್ಷತ್ರ, ಕಪ್ಪುಕುಳಿಯ ಕಥೆ ಹೇಳಲಿ ಎಂದು ಜನ ನಿರೀಕ್ಷಿಸುತ್ತಾರೆ. ಇವತ್ತು ನಾನು ಆರಿಸಿಕೊಂಡದ್ದು ಅಷ್ಟು ಸೊಗಸಿನ ವಿಷಯವಲ್ಲ. ಪಿಯುಸಿ ಮುಗಿಸಿದ ಹುಡುಗನೋ ಹುಡುಗಿಯೋ ಭೌತಶಾಸ್ತ್ರ ಓದುತ್ತೇನೆಂದರೆ ಅವರ ಮುಂದೆ ಯಾವ ಯಾವ ಪದವಿಗಳಿವೆ, ಆ ಪದವಿಗಳು ಏನೇನು ಕೇಳುತ್ತವೆ ಎನ್ನುವುದೇ ಇಂದಿನ ಮಾತು.

ಈ ವಿಷಯವನ್ನು ಈ ಊರಲ್ಲೇ ಆಡುವುದಕ್ಕೆ ಒಂದು ಕಾರಣವಿದೆ. ಸಹಕಾರಿ ಕಾಯ್ದೆ ಬಂದದ್ದು 1904ರಲ್ಲಿ. ಮರು ವರ್ಷವೇ, 1905ರಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಇಲ್ಲಿ ಕೃಷಿ ಪತ್ತಿನ ಸಹಕಾರಿ ಸಂಘ ಕಟ್ಟಿದರು. ಏಷ್ಯಾದಲ್ಲೇ ಮೊದಲನೆಯದೆಂದು ಆ ಸಂಘದ ಹೆಸರು ಸಹಕಾರದ ಪುಸ್ತಕಗಳಲ್ಲೆಲ್ಲ ಬರುತ್ತದೆ. ನೂರಿಪ್ಪತ್ತು ವರ್ಷದಿಂದ ಸಂಘದ ವ್ಯವಹಾರ ಕಂಡ ಊರಿಗೆ ಷರತ್ತು ಎಂದರೇನು ಎಂದು ಹೇಳಿಕೊಡಬೇಕಾಗಿಲ್ಲ. ಬಡ್ಡಿ ಎಷ್ಟು, ಕಂತು ಯಾವಾಗ, ಜಾಮೀನು ಯಾರದು ಎಂದು ಕೇಳದೆ ನಿಮ್ಮಲ್ಲಿ ಯಾರೂ ಸಹಿ ಹಾಕುವುದಿಲ್ಲ. ಇಷ್ಟು ಎಚ್ಚರದ ಜನ ಮಕ್ಕಳನ್ನು ಬಿ.ಎಸ್ಸಿ.ಗೆ ಸೇರಿಸುವಾಗ ಮಾತ್ರ ಕಾಲೇಜಿನ ಕೌಂಟರಿನಲ್ಲಿ ಕೂತ ಗುಮಾಸ್ತರು ತೋರಿಸಿದ ಕಡೆ ಸಹಿ ಹಾಕಿ ಬಂದುಬಿಡುತ್ತಾರೆ. 'ಯಾವ ಕಾಂಬಿನೇಷನ್ ಸಿಕ್ಕಿತು?' ಎಂದರೆ, 'ಅದೇನೋ ಪಿ ಅಂತ ಶುರು ಆಗ್ತದರಿ' ಎನ್ನುವ ಉತ್ತರವನ್ನು ಬಹಳ ಸಲ ಕೇಳಿದ್ದೇನೆ.

ಆ ಪಿ ಆದಮೇಲೆ ಬರುವ ಅಕ್ಷರಗಳಲ್ಲೇ ಎಲ್ಲ ಇದೆ. ಪಿಸಿಎಂ ಎಂದರೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ. ಪಿಎಂಇ ಎಂದರೆ ರಸಾಯನದ ಜಾಗಕ್ಕೆ ಇಲೆಕ್ಟ್ರಾನಿಕ್ಸ್. ಪಿಎಂಸಿಎಸ್ ಎಂದರೆ ಅದೇ ಜಾಗಕ್ಕೆ ಕಂಪ್ಯೂಟರ್ ಸೈನ್ಸ್. ಗದಗಿನ ಜಗದ್ಗುರು ತೋಂಟದಾರ್ಯ ಕಾಲೇಜು, ಹುಬ್ಬಳ್ಳಿಯ ಪಿ.ಸಿ. ಜಾಬಿನ್ ವಿಜ್ಞಾನ ಕಾಲೇಜು, ಧಾರವಾಡದ ಕರ್ನಾಟಕ ವಿಜ್ಞಾನ ಕಾಲೇಜು, ಎಲ್ಲಿಗೆ ಹೋದರೂ ಈ ಅಕ್ಷರಗಳ ಆಟ ಬಹುತೇಕ ಒಂದೇ. ಮೂರೂ ಗುಂಪುಗಳಲ್ಲಿ ಕದಲದೆ ನಿಂತದ್ದು ಪಿ ಮತ್ತು ಎಂ. ಹಿರಿಯರು ಯೋಚಿಸಿಯೇ ಹಾಗೆ ಕೂಡಿಸಿಟ್ಟಿದ್ದಾರೆ.

ನಡುವೆ ಮೂರು ವರ್ಷ ಈ ಜೋಡಿ ಸಡಿಲವಾಗಿತ್ತು. 2021-22ರಲ್ಲಿ ಕರ್ನಾಟಕ ಹೊಸ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಪದವಿ ತರಗತಿಗಳಿಗೆ ತಂದಿತು. ಮೂರು ವಿಷಯ ಹೋಗಿ ಎರಡು ಪ್ರಧಾನ ವಿಷಯಗಳಾದವು. ಮೂರನೆಯ ವರ್ಷಕ್ಕೆ ಒಂದನ್ನು ಮುಖ್ಯವಾಗಿಟ್ಟುಕೊಂಡು ಇನ್ನೊಂದನ್ನು ಕಿರಿದಾಗಿಸಬಹುದು, ಅಥವಾ ಎರಡನ್ನೂ ಸಮನಾಗಿ ಒಯ್ಯಬಹುದು. ನಾಲ್ಕನೆಯ ವರ್ಷ ಓದಿದರೆ ಆನರ್ಸ್. ಜತೆಗೆ ಭಾಷೆ, ಮುಕ್ತ ಆಯ್ಕೆಯ ಪತ್ರಿಕೆ, ಡಿಜಿಟಲ್ ಪರಿಣತಿ, ಯೋಗ, ಆರೋಗ್ಯ ಎಂದು ಸಣ್ಣ ಸಣ್ಣ ಕ್ರೆಡಿಟ್ಟುಗಳು. ಭೌತಶಾಸ್ತ್ರಕ್ಕೆ ವಾರಕ್ಕೆ ಸಿಗುವ ಹೊತ್ತು ಹೆಚ್ಚಿತು, ಅದು ಒಳ್ಳೆಯದೇ. ಆದರೆ ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರ ಎಂಬ ಜೋಡಿಯಲ್ಲಿ ಗಣಿತಕ್ಕೆ ಜಾಗವೇ ಇರಲಿಲ್ಲ. ಗಣಿತದ ಹೆದರಿಕೆಯಿದ್ದವರಿಗೆ ಆ ಜೋಡಿ ವರವಾಗಿ ಕಂಡಿತು. ಎಂ.ಎಸ್ಸಿ. ಅರ್ಜಿ ತುಂಬುವಾಗ, 'ಪದವಿಯಲ್ಲಿ ಗಣಿತ ಓದಿದ್ದೀರಾ?' ಎಂಬ ಕಾಲಂ ಎದುರಾದಾಗ ಆ ವರದ ಬೆಲೆ ಗೊತ್ತಾಯಿತು.

2024ರ ಮೇ ತಿಂಗಳಲ್ಲಿ ಸರ್ಕಾರ ಮತ್ತೆ ಬದಲಿಸಿತು. ಪ್ರೊ. ಸುಖದೇವ ಥೋರಟ್ ಅವರ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯ ಮೇಲೆ, 2024-25ರಿಂದ ಸೇರುವವರಿಗೆ ಪದವಿ ಮೂರು ವರ್ಷಕ್ಕೆ, ಮೂರು ವಿಷಯಕ್ಕೆ ಮರಳಿತು. ಹಳೆಯ ನೀತಿಯಲ್ಲಿ ಸೇರಿದವರಿಗೆ ಬೇಕೆಂದರೆ ನಾಲ್ಕನೆಯ ವರ್ಷ ಓದುವ ಅವಕಾಶ ಉಳಿಸಿದರು. ಹೀಗಾಗಿ ಒಂದೇ ಮನೆಯಲ್ಲಿ ಅಕ್ಕನ ಬಿ.ಎಸ್ಸಿ. ಒಂದು ಬಗೆ, ತಮ್ಮನ ಬಿ.ಎಸ್ಸಿ. ಇನ್ನೊಂದು ಬಗೆ. ಅಕ್ಕನ ಪಠ್ಯಕ್ರಮದ ಪ್ರತಿ ಹಿಡಿದುಕೊಂಡು ತಮ್ಮನನ್ನು ಸೇರಿಸಲು ಹೋಗಬೇಡಿ. ನಾಲ್ಕು ವರ್ಷದಲ್ಲಿ ಎರಡು ಸಲ ನೀತಿ ಬದಲಿಸಿದ್ದಕ್ಕೆ ನನಗೆ ಬೇಸರವಿದೆ. ಪಠ್ಯಪುಸ್ತಕ ಬರೆದವರ ಶಾಯಿ ಆರುವ ಮೊದಲೇ ಪುಸ್ತಕ ಹಳೆಯದಾಯಿತು. ಆದರೂ ಮೂರು ವಿಷಯ ಮರಳಿ ಬಂದು ಗಣಿತ ತನ್ನ ಜಾಗಕ್ಕೆ ಕೂತದ್ದು ನಮ್ಮ ಮಕ್ಕಳ ಮಟ್ಟಿಗೆ ಲಾಭವೆಂದೇ ನನ್ನ ಎಣಿಕೆ.

ಗಣಿತ, ಗಣಿತ ಎಂದು ಇವನೇಕೆ ಬಡಿದುಕೊಳ್ಳುತ್ತಾನೆ ಎನ್ನುತ್ತೀರೇನೋ. ಕಣ್ಣೆದುರಿನದೇ ಒಂದು ಉದಾಹರಣೆ ಹಿಡಿಯೋಣ. ಕಪ್ಪತಗುಡ್ಡದ ಕಡೆ ಹೋದರೆ ಸಾಲು ಸಾಲು ಗಾಳಿ ವಿದ್ಯುತ್ ಯಂತ್ರಗಳು. ಗಾಳಿಯ ವೇಗ ಎರಡು ಪಟ್ಟಾದರೆ ಅದರಲ್ಲಿರುವ ಶಕ್ತಿ ಎಷ್ಟು ಪಟ್ಟಾಗುತ್ತದೆ ಎಂದು ಪಿಯುಸಿ ಮಕ್ಕಳನ್ನು ಕೇಳಿದರೆ ಹಲವರು ಎರಡು ಎನ್ನುತ್ತಾರೆ, ಸ್ವಲ್ಪ ಜಾಣರು ನಾಲ್ಕು ಎನ್ನುತ್ತಾರೆ. ಆಗುವುದು ಎಂಟು ಪಟ್ಟು. ಒಂದು ಕಣದ ಚಲನಶಕ್ತಿ ವೇಗದ ವರ್ಗದಂತೆ ಏರುತ್ತದೆ. ಜತೆಗೆ ಒಂದು ಸೆಕೆಂಡಿಗೆ ರೆಕ್ಕೆಯನ್ನು ದಾಟಿ ಹೋಗುವ ಗಾಳಿಯ ರಾಶಿಯೂ ವೇಗದೊಡನೆ ಏರುತ್ತದೆ. ಎರಡೂ ಕೂಡಿ ಘನವಾಗುತ್ತದೆ. ಇಷ್ಟನ್ನು ಪಿಯುಸಿ ಗಣಿತದಲ್ಲಿ ಮುಗಿಸಬಹುದು.

ಮುಂದಿನ ಪ್ರಶ್ನೆ: ಆ ಶಕ್ತಿಯನ್ನೆಲ್ಲ ಯಂತ್ರ ಹಿಡಿದುಕೊಳ್ಳಬಹುದೇ? ಆಗದು. ಎಲ್ಲವನ್ನೂ ಹಿಡಿದರೆ ಗಾಳಿ ರೆಕ್ಕೆಯ ಹಿಂದೆ ನಿಂತೇ ಹೋಗುತ್ತದೆ, ಹಿಂದಿನಿಂದ ಬರುವ ಗಾಳಿಗೆ ದಾರಿಯಿರುವುದಿಲ್ಲ. ಏನನ್ನೂ ಹಿಡಿಯದಿದ್ದರೆ ವಿದ್ಯುತ್ತಿಲ್ಲ. ಹಾಗಿದ್ದರೆ ನಡುವೆ ಎಲ್ಲೋ ಒಂದು ಅತ್ಯುತ್ತಮ ಸ್ಥಿತಿ ಇರಬೇಕು. ಅದನ್ನು ಹುಡುಕಬೇಕಾದರೆ ಒಂದು ಸಮೀಕರಣ ಬರೆದು, ಅದರ ಅವಕಲನ ತೆಗೆದು, ಸೊನ್ನೆಗೆ ಸಮನಾಗಿಸಬೇಕು. ಹೊರಬೀಳುವ ಗಾಳಿಯ ವೇಗ ಒಳಬಂದ ಗಾಳಿಯ ಮೂರನೆಯ ಒಂದು ಭಾಗಕ್ಕೆ ಇಳಿದಾಗ ಯಂತ್ರ ಹೆಚ್ಚಿನ ಶಕ್ತಿ ಹೀರುತ್ತದೆ, ಆ ಹೆಚ್ಚಿನದು 27ರಲ್ಲಿ 16 ಪಾಲು, ಎಂದರೆ ಶೇಕಡಾ 59.3 ಎಂದು ಅರ್ಧ ಪುಟದಲ್ಲಿ ಸಿಗುತ್ತದೆ. ಸುಮಾರು ನೂರು ವರ್ಷದ ಹಿಂದೆ ಜರ್ಮನಿಯ ಆಲ್ಬರ್ಟ್ ಬೆಟ್ಜ್ ಹಾಕಿದ ಲೆಕ್ಕವಿದು. ಯಾವ ಕಂಪನಿಯ ಯಂತ್ರವಾಗಲಿ, ಎಷ್ಟೇ ಉದ್ದದ ರೆಕ್ಕೆಯಾಗಲಿ, ಬಯಲಿನಲ್ಲಿ ನಿಂತ ಇಂಥ ಚಕ್ರ ಈ ಗಡಿ ದಾಟುವುದಿಲ್ಲ. ಗುಡ್ಡದ ಮೇಲಿನ ಆ ಯಂತ್ರವನ್ನು ನೋಡಿ ಫೋಟೊ ತೆಗೆದುಕೊಳ್ಳುವವನಿಗೂ, ನೋಡಿ 59.3 ಎಲ್ಲಿಂದ ಬಂತೆಂದು ಬರೆದು ತೋರಿಸುವವನಿಗೂ ನಡುವೆ ಇರುವುದು ಆ ಅರ್ಧ ಪುಟದ ಗಣಿತ.

ಇದು ಸುಲಭದ ಉದಾಹರಣೆ. ಪದವಿಯ ಪಠ್ಯಕ್ರಮ ಹತ್ತುವ ಮೆಟ್ಟಿಲುಗಳನ್ನು ಗಮನಿಸಿ. ಮೊದಲ ಸೆಮಿಸ್ಟರಿನಲ್ಲಿ ಯಂತ್ರಶಾಸ್ತ್ರ ಮತ್ತು ದ್ರವ್ಯದ ಗುಣಗಳು, ಎರಡನೆಯದರಲ್ಲಿ ವಿದ್ಯುತ್ತು ಮತ್ತು ಕಾಂತತ್ವ, ಆಮೇಲೆ ತರಂಗ ಮತ್ತು ಬೆಳಕು, ಆಮೇಲೆ ಉಷ್ಣ ಮತ್ತು ಇಲೆಕ್ಟ್ರಾನಿಕ್ಸ್. ಕೊನೆಯ ವರ್ಷಕ್ಕೆ ಕ್ವಾಂಟಂ, ಪರಮಾಣು, ಲೇಸರ್, ಘನವಸ್ತು, ನ್ಯೂಕ್ಲಿಯರ್. ಪಠ್ಯಕ್ರಮದ ಹೆಸರು ಬದಲಾದರೂ ಈ ಸರಣಿ ಹೆಚ್ಚು ಬದಲಾಗಿಲ್ಲ. ತೊಡಕು ಎಲ್ಲಿ ಬರುತ್ತದೆಂದರೆ ಎರಡನೆಯ ಮೆಟ್ಟಿಲಲ್ಲಿ. ಕಾಂತಕ್ಷೇತ್ರದ ಪಾಠಕ್ಕೆ ಸದಿಶ ಕಲನ ಬೇಕು. ಗ್ರೇಡಿಯಂಟ್, ಡೈವರ್ಜೆನ್ಸ್, ಕರ್ಲ್ ಎಂಬ ಮೂವರು ಅಲ್ಲಿ ಬಂದು ಕೂರುತ್ತಾರೆ. ಗಣಿತದ ತರಗತಿ ಅಷ್ಟರಲ್ಲಿ ಅಲ್ಲಿಗೆ ತಲುಪಿರುವುದಿಲ್ಲ, ಹಲವು ಪಠ್ಯಕ್ರಮಗಳಲ್ಲಿ ಅದು ಬಹಳ ತಡವಾಗಿ ಬರುತ್ತದೆ. ಭೌತಶಾಸ್ತ್ರದ ಮೇಷ್ಟ್ರು, 'ಇದನ್ನ ಗಣಿತದಾಗ ಹೇಳ್ತಾರ' ಎನ್ನುತ್ತಾರೆ. ಗಣಿತದ ಮೇಷ್ಟ್ರು, 'ಅದು ಮುಂದಿನ ವರ್ಷದ್ದು' ಎನ್ನುತ್ತಾರೆ. ಹುಡುಗ ನಡುವೆ ಕರ್ಲ್‌ನ ವ್ಯಾಖ್ಯೆ ಬಾಯಿಪಾಠ ಮಾಡಿ ಎಂಟು ಅಂಕ ತೆಗೆಯುತ್ತಾನೆ. ಕ್ವಾಂಟಂ ಯಂತ್ರಶಾಸ್ತ್ರ ಬರುವ ಹೊತ್ತಿಗೆ ಶ್ರೋಡಿಂಗರ್ ಸಮೀಕರಣವೂ ಅವನಿಗೆ ಇನ್ನೊಂದು ಬಾಯಿಪಾಠವಾಗುತ್ತದೆ.

ಪ್ರಾಸ್ಪೆಕ್ಟಸ್‌ನಲ್ಲಿ ಅಚ್ಚಾಗದ ಷರತ್ತು ಇದೇ: ಗಣಿತ ಭೌತಶಾಸ್ತ್ರಕ್ಕಿಂತ ಒಂದು ಸೆಮಿಸ್ಟರ್ ಮುಂದೆ ಓಡುತ್ತಿರಬೇಕು. ಕಾಲೇಜು ಓಡಿಸದಿದ್ದರೆ ವಿದ್ಯಾರ್ಥಿ ತಾನೇ ಓಡಿಸಬೇಕು. ಪಿಯುಸಿ ಪರೀಕ್ಷೆಗೂ ಕಾಲೇಜು ಶುರುವಾಗುವುದಕ್ಕೂ ನಡುವೆ ಸಿಗುವ ಬೇಸಗೆಯಲ್ಲಿ ಅನುಕಲನ, ಅವಕಲನ ಸಮೀಕರಣ, ಸದಿಶಗಳನ್ನು ಕೈಯಾರೆ ಬರೆದು ಮಾಡಿದ ಮಕ್ಕಳು ಎರಡನೆಯ ಸೆಮಿಸ್ಟರಿನಲ್ಲಿ ಎಡವುವುದು ಕಡಿಮೆ.

ಗಣಿತದಂತೆಯೇ ಅಲಕ್ಷ್ಯಕ್ಕೆ ಗುರಿಯಾದದ್ದು ಪ್ರಾಕ್ಟಿಕಲ್. ನಮ್ಮ ಕಡೆ ಅದಕ್ಕೆ ಜರ್ನಲ್ ಬರೆಯುವ ಕೆಲಸವೆಂದೇ ಹೆಸರು. ಹಿಂದಿನ ವರ್ಷದವರ ಜರ್ನಲ್ ತಂದು, ಅವರ ರೀಡಿಂಗುಗಳನ್ನೇ ಒಂದೆರಡು ಅಂಕಿ ತಿದ್ದಿ ಇಳಿಸುವುದು ಎಲ್ಲರಿಗೂ ಗೊತ್ತಿರುವ ಗುಟ್ಟು. ಲೋಲಕದ ಪ್ರಯೋಗವನ್ನೇ ನೋಡಿ. ದಾರಕ್ಕೆ ಗುಂಡು ಕಟ್ಟಿ ತೂಗಿಬಿಟ್ಟು, ಆಂದೋಲನ ಎಣಿಸಿ, ಗುರುತ್ವ ವೇಗೋತ್ಕರ್ಷ ಕಂಡುಹಿಡಿಯಬೇಕು. ಮಕ್ಕಳ ಜರ್ನಲ್‌ಗಳಲ್ಲಿ ಉತ್ತರ 9.81 ಎಂದೇ ಇರುತ್ತದೆ, ಯಾಕೆಂದರೆ ಪುಸ್ತಕದಲ್ಲಿ ಹಾಗಿದೆ. 9.81 ಎಂಬುದು ಲಂಡನ್, ಪ್ಯಾರಿಸ್ ಕಡೆಯ ಬೆಲೆ. ಗದಗ ಸಮಭಾಜಕವೃತ್ತಕ್ಕೆ ಅವುಗಳಿಗಿಂತ ಬಹಳ ಹತ್ತಿರ, ಸುಮಾರು ಹದಿನೈದೂವರೆ ಡಿಗ್ರಿ ಅಕ್ಷಾಂಶ. ಜತೆಗೆ ಸಮುದ್ರಮಟ್ಟದಿಂದ ಆರುನೂರು ಮೀಟರಿಗಿಂತ ಎತ್ತರ. ಇಲ್ಲಿನ ಬೆಲೆ ಸುಮಾರು 9.78. ಎಂದರೆ ಗದಗಿನ ಪ್ರಯೋಗಾಲಯದಲ್ಲಿ 9.81 ಬರೆದವನು ಪ್ರಯೋಗ ಮಾಡಿಲ್ಲ, ಇಲ್ಲವೇ ಅವನ ಅಳತೆ ಅಷ್ಟು ಸೂಕ್ಷ್ಮವಾಗಿಲ್ಲ.

ಅಷ್ಟಕ್ಕೇ ಬಿಡಬಾರದು. ಒಂದು ಮೀಟರ್ ಉದ್ದದ ಲೋಲಕದ ಆವರ್ತಕಾಲ ಸುಮಾರು ಎರಡು ಸೆಕೆಂಡು. ಲಂಡನ್ನಿನ ಬೆಲೆಗೂ ಗದಗಿನ ಬೆಲೆಗೂ ಇರುವ ವ್ಯತ್ಯಾಸ ಒಂದು ಆಂದೋಲನದಲ್ಲಿ 0.003 ಸೆಕೆಂಡು. 50 ಆಂದೋಲನ ಎಣಿಸಿದರೆ 0.15 ಸೆಕೆಂಡು. ಸ್ಟಾಪ್‌ವಾಚ್ ಒತ್ತುವ ಬೆರಳಿನ ತಡವೇ ಸುಮಾರು 0.2 ಸೆಕೆಂಡು ಇರುವಾಗ ಈ ವ್ಯತ್ಯಾಸ ಬೆರಳಿನಡಿಯಲ್ಲೇ ಮುಳುಗಿಹೋಗುತ್ತದೆ. 200 ಎಣಿಸಿದರೆ? ಏಳು ನಿಮಿಷಕ್ಕೆ ಸ್ವಲ್ಪ ಕಡಿಮೆ ಹೊತ್ತು ತಾಳ್ಮೆ ಬೇಕು, ವ್ಯತ್ಯಾಸ 0.6 ಸೆಕೆಂಡಿಗೆ ಏರಿ ಬೆರಳಿನ ತಡಕ್ಕಿಂತ ಮೇಲೆ ತಲೆಯೆತ್ತುತ್ತದೆ. ಹಾಗೆಂದು ದಾರದ ಉದ್ದ ಅಳೆಯುವಲ್ಲಿ 3 ಮಿಲಿಮೀಟರ್ ತಪ್ಪಿದರೆ ಮಾಡಿದ್ದೆಲ್ಲ ನೀರುಪಾಲು, ಆ ತಪ್ಪೂ ಇಷ್ಟೇ ದೊಡ್ಡದು. ಗುಂಡಿನ ವ್ಯಾಸವನ್ನು ಕ್ಯಾಲಿಪರ್ಸ್‌ನಲ್ಲಿ ಯಾಕೆ ಅಳೆಯಬೇಕು, ಎಳೆ ಹಿಗ್ಗದ ದಾರ ಯಾಕೆ ಬೇಕು ಎನ್ನುವುದು ಆಗ ತಾನಾಗಿ ತಿಳಿಯುತ್ತದೆ. ಹತ್ತು ರೂಪಾಯಿಯ ದಾರ, ಒಂದು ಹಿತ್ತಾಳೆ ಗುಂಡು, ಒಂದು ಗಡಿಯಾರ. ಇದರಲ್ಲಿ ಕಲಿಯಲಾರದವನಿಗೆ ಲೇಸರ್ ಕೊಟ್ಟರೂ ಅಷ್ಟೇ.

ಕಾಲೇಜು ನೋಡಲು ಹೋದಾಗ ಕಟ್ಟಡ ನೋಡಬೇಡಿ, ಕತ್ತಲೆಕೋಣೆ ನೋಡಿ. ಸೋಡಿಯಂ ದೀಪ ಹೊತ್ತುತ್ತದೆಯೇ, ಸ್ಪೆಕ್ಟ್ರೋಮೀಟರ್ ಎಷ್ಟಿವೆ, ಒಂದು ಉಪಕರಣಕ್ಕೆ ಎಷ್ಟು ಮಕ್ಕಳು ಎಂದು ಕೇಳಿ. ಆರು ಮಂದಿ ಒಂದು ದೂರದರ್ಶಕದ ಸುತ್ತ ನಿಂತರೆ ಕಣ್ಣಿಡುವವನು ಒಬ್ಬ, ರೀಡಿಂಗ್ ಬರೆಯುವವನು ಒಬ್ಬ, ಉಳಿದ ನಾಲ್ವರು ಸಾಕ್ಷಿಗಳು. ಇನ್ನೊಂದು ಮಾತು ತಾಯಂದಿರಿಗೆ. ಪ್ರಾಕ್ಟಿಕಲ್ ಬ್ಯಾಚುಗಳು ಬಹಳ ಕಡೆ ಮಧ್ಯಾಹ್ನದವು, ಮುಗಿಯುವಾಗ ಸಂಜೆಯಾಗುತ್ತದೆ. ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಬಸ್ಸಿನ ಖರ್ಚಿನ ಮಾತಿಲ್ಲ. ಆದರೆ ಕೊನೆಯ ಬಸ್ಸಿನ ಹೊತ್ತಿಗೆ ಹೆದರಿ ಅರ್ಧ ಪ್ರಯೋಗಕ್ಕೆ ಹೊರಡುವ ಹುಡುಗಿಯರನ್ನು ಬಹಳ ನೋಡಿದ್ದೇನೆ. ಹಳ್ಳಿಯಿಂದ ಬರುವವರಿಗೆ ಮೊದಲ ಬ್ಯಾಚು ಕೊಡಿ ಎಂದು ಪಾಲಕರ ಸಭೆಯಲ್ಲಿ ಕೇಳಿದರೆ ಯಾವ ಪ್ರಿನ್ಸಿಪಾಲರೂ ಇಲ್ಲವೆನ್ನಲಾರರು.

ಈಗ ಊರಿನ ಆಚೆಗಿನ ದಾರಿಗಳು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2011ರಲ್ಲಿ ನಾಲ್ಕು ವರ್ಷದ ಪದವಿ ಶುರುಮಾಡಿತು. ಭೌತಶಾಸ್ತ್ರವನ್ನೇ ಪ್ರಧಾನವಾಗಿ ಆರಿಸಿಕೊಳ್ಳುವವನೂ ಅಲ್ಲಿ ಮೊದಲ ಸೆಮಿಸ್ಟರುಗಳಲ್ಲಿ ಗಣಿತ, ರಸಾಯನ, ಜೀವವಿಜ್ಞಾನ ಎಲ್ಲವನ್ನೂ ಓದಬೇಕು. ಕೊನೆಯ ವರ್ಷದಲ್ಲಿ ಸಂಶೋಧನಾ ಪ್ರಾಜೆಕ್ಟು. ಪುಣೆ, ತಿರುಪತಿ ಮೊದಲಾದ ಕಡೆ ಇರುವ ಐಸರ್‌ಗಳಲ್ಲಿ ಐದು ವರ್ಷದ ಬಿಎಸ್-ಎಂಎಸ್ ಇದೆ. ಅವುಗಳ ಪ್ರವೇಶ ಪರೀಕ್ಷೆಯಲ್ಲಿ 60 ಪ್ರಶ್ನೆ, ಭೌತಶಾಸ್ತ್ರ, ರಸಾಯನ, ಗಣಿತ, ಜೀವವಿಜ್ಞಾನಕ್ಕೆ ತಲಾ 15. ಪಿಯುಸಿಯಲ್ಲಿ ಪಿಸಿಎಂಬಿ ಓದಿದವರಿಗೆ ಇದು ಅನುಕೂಲ. ಪಿಸಿಎಂ ಜತೆ ಕಂಪ್ಯೂಟರ್ ತೆಗೆದುಕೊಂಡವರು ಹತ್ತನೆಯ ತರಗತಿಯ ಜೀವಶಾಸ್ತ್ರದ ಮೇಲೆ ಸಾಹಸ ಮಾಡಬೇಕಾಗುತ್ತದೆ. ನಮ್ಮ ಪಕ್ಕದ ಧಾರವಾಡದಲ್ಲೇ 2016ರಲ್ಲಿ ಬಂದ ಐಐಟಿಯಲ್ಲಿ ಎಂಜಿನಿಯರಿಂಗ್ ಫಿಸಿಕ್ಸ್ ಎಂಬ ಬಿ.ಟೆಕ್. ಇದೆ, ಅದಕ್ಕೆ ಜೆಇಇ ಅಡ್ವಾನ್ಸ್ಡ್ ಬೇಕು. ಮೇಷ್ಟ್ರೇ ಆಗಬೇಕೆಂದು ಆಗಲೇ ನಿಶ್ಚಯಿಸಿದವರಿಗೆ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಿದೆ. ಬಿ.ಎಸ್ಸಿ.ಯೂ ಬಿ.ಇಡಿ.ಯೂ ಕೂಡಿದ ನಾಲ್ಕು ವರ್ಷದ ಪದವಿಗೆ ಅಲ್ಲಿ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆಯ ಮೂಲಕ ಸೇರಬಹುದು. ಬೇರೆ ಬೇರೆ ಮಾಡಿದರೆ ಮೂರು ಕೂಡಿಸು ಎರಡು ಐದು ವರ್ಷ, ಅಲ್ಲಿ ಒಂದು ವರ್ಷ ಉಳಿಯುತ್ತದೆ. ನಮ್ಮ ಭಾಗದಲ್ಲಿ ಇದರ ಬಗ್ಗೆ ಗೊತ್ತಿರುವವರು ಕಡಿಮೆ.

ಈ ಪರೀಕ್ಷೆಗಳಲ್ಲಿ ಸಿಗಲಿಲ್ಲವೆಂದು ಮನೆಯಲ್ಲಿ ಸೂತಕದ ವಾತಾವರಣ ಮಾಡುವವರಿಗೆ ಒಂದು ಮಾತು. ಗದಗಿನ ಪಿಸಿಎಂ ಹುಡುಗಿ ಮೂರು ವರ್ಷ ಆದಮೇಲೆ ಅದೇ ಭಾರತೀಯ ವಿಜ್ಞಾನ ಸಂಸ್ಥೆಗೆ ಹೋಗಬಹುದು. ಆ ಬಾಗಿಲಿನ ಹೆಸರು ಜಾಮ್. ಬಿ.ಎಸ್ಸಿ. ಕೊನೆಯ ವರ್ಷದಲ್ಲಿ ಬರೆಯುವ ಈ ಪರೀಕ್ಷೆಯಿಂದ ಐಐಟಿಗಳ ಎಂ.ಎಸ್ಸಿ.ಗೂ, ವಿಜ್ಞಾನ ಸಂಸ್ಥೆಯ ಇಂಟಿಗ್ರೇಟೆಡ್ ಪಿಎಚ್.ಡಿ.ಗೂ ದಾರಿಯಿದೆ. ಮೂರು ಗಂಟೆ, 60 ಪ್ರಶ್ನೆ, 100 ಅಂಕ. ಅದರ ಭೌತಶಾಸ್ತ್ರ ಪತ್ರಿಕೆಯ ಪಠ್ಯಕ್ರಮ ತೆರೆದು ನೋಡಿ, ಮೊದಲ ಶೀರ್ಷಿಕೆಯೇ ಗಣಿತೀಯ ವಿಧಾನಗಳು. ಉಳಿದದ್ದೆಲ್ಲ ನಮ್ಮ ವಿಶ್ವವಿದ್ಯಾಲಯದ ಬಿ.ಎಸ್ಸಿ. ಪಠ್ಯಕ್ರಮದಲ್ಲೇ ಇರುವ ಅಧ್ಯಾಯಗಳು. ಹೊಸದೇನೂ ಇಲ್ಲ. ಪ್ರಶ್ನೆ ಕೇಳುವ ರೀತಿ ಮಾತ್ರ ಬೇರೆ. ನಮ್ಮ ಪರೀಕ್ಷೆ 'ನಿರೂಪಿಸಿ' ಎನ್ನುತ್ತದೆ, ಜಾಮ್ ಒಂದು ಸನ್ನಿವೇಶ ಕೊಟ್ಟು 'ಎಷ್ಟು?' ಎನ್ನುತ್ತದೆ. ಎರಡನೆಯ ವರ್ಷದಿಂದಲೇ ದಿನಕ್ಕೆ ನಾಲ್ಕು ಲೆಕ್ಕ ಬಿಡಿಸುತ್ತ ಹೋದವರಿಗೆ ಆ ಭಾಷೆ ರೂಢಿಯಾಗುತ್ತದೆ. ಕೊನೆಯ ಸೆಮಿಸ್ಟರಿನಲ್ಲಿ ಗೈಡು ಕೊಂಡವರಿಗೆ ಆಗುವುದಿಲ್ಲ.

'ಬಿ.ಎಸ್ಸಿ. ಮಾಡಿ ಏನ್ ಮಾಡಬೇಕ್ರಿ?' ಎಂಬ ಪ್ರಶ್ನೆಯನ್ನು ನೀವು ಬಾಯಿಬಿಟ್ಟು ಕೇಳದಿದ್ದರೂ ಮುಖದ ಮೇಲಿದೆ. ಪ್ರೌಢಶಾಲೆಯ ಪಿಸಿಎಂ ಶಿಕ್ಷಕರ ಹುದ್ದೆಗೆ ಬಿ.ಎಸ್ಸಿ. ಮತ್ತು ಬಿ.ಇಡಿ. ಪದವಿ ಕಾಲೇಜಿಗೆ ಎಂ.ಎಸ್ಸಿ. ಜತೆ ಕೆ-ಸೆಟ್ ಅಥವಾ ನೆಟ್. ಕೈಗಾದಂಥ ಅಣುವಿದ್ಯುತ್ ಸ್ಥಾವರಗಳು ತರಬೇತಿಗೆ ಕರೆಯುವ ಬಿ.ಎಸ್ಸಿ. ಪದವೀಧರರಲ್ಲಿ ಭೌತಶಾಸ್ತ್ರದವರಿದ್ದಾರೆ. ಹವಾಮಾನ ಇಲಾಖೆಯ ವೈಜ್ಞಾನಿಕ ಸಹಾಯಕರ ಹುದ್ದೆಗೂ ಭೌತಶಾಸ್ತ್ರದವರನ್ನು ಕರೆಯುತ್ತಾರೆ. ಬಿ.ಎಸ್ಸಿ. ಆದಮೇಲೆ ಬಿಇ ಎರಡನೆಯ ವರ್ಷಕ್ಕೆ ಲ್ಯಾಟರಲ್ ಪ್ರವೇಶವಿದೆ, ಎಂಸಿಎ ಇದೆ, ಎರಡಕ್ಕೂ ಗಣಿತ ಓದಿದ್ದರೆ ಅನುಕೂಲ. ಇಲ್ಲಿ ಕಾಂಬಿನೇಷನ್ನಿನಲ್ಲಿ ಪಿ, ಎಂ ಬಿಟ್ಟು ಉಳಿದ ಅಕ್ಷರದ ಮಹತ್ವ ಕಾಣುತ್ತದೆ. ಶಾಲೆಯ ಹುದ್ದೆಗೆ ಹೋಗುವವರಿಗೆ ರಸಾಯನಶಾಸ್ತ್ರ ಇದ್ದರೆ ನಿಶ್ಚಿಂತೆ. ಪಿಎಂಸಿಎಸ್‌ನವರು ಕಂಪ್ಯೂಟರ್ ಕಡೆ ಹಗುರಾಗಿ ಸರಿಯುತ್ತಾರೆ, ಆದರೆ ಶಿಕ್ಷಕರ ನೇಮಕಾತಿಯ ಅಧಿಸೂಚನೆಯನ್ನು ಒಂದು ಸಲ ಕಣ್ಣಾಡಿಸಿಯೇ ಆ ದಾರಿ ಹಿಡಿಯಬೇಕು. ಕೈತುಂಬ ಸಂಬಳ ಇಪ್ಪತ್ತೊಂದಕ್ಕೇ ಬೇಕೆನ್ನುವ ಮನೆಗೆ ಭೌತಶಾಸ್ತ್ರ ಹೇಳಿ ಮಾಡಿಸಿದ ವಿಷಯವಲ್ಲ. ಇದನ್ನು ಮುಚ್ಚಿಟ್ಟು ಮಕ್ಕಳನ್ನು ವಿಜ್ಞಾನಕ್ಕೆ ಕರೆಯುವುದು ಸರಿಯಲ್ಲ.

ಹೊರದೇಶಗಳಲ್ಲೂ ಇಂಥ ಕವಲುಗಳಿವೆ. ಅಮೆರಿಕದ ಬಹಳಷ್ಟು ವಿಶ್ವವಿದ್ಯಾಲಯಗಳು ಭೌತಶಾಸ್ತ್ರದಲ್ಲಿ ಬಿಎ, ಬಿಎಸ್ ಎಂದು ಎರಡು ಪದವಿ ಕೊಡುತ್ತವೆ. ಸಂಶೋಧನೆಗೆ ಹೋಗುವವರಿಗೆ ಬಿಎಸ್, ಅದರಲ್ಲಿ ಕ್ವಾಂಟಂ, ವಿದ್ಯುತ್ಕಾಂತತ್ವ, ಉನ್ನತ ಪ್ರಯೋಗಾಲಯದ ಹೊರೆ ಹೆಚ್ಚು. ಶಾಲಾ ಶಿಕ್ಷಣ, ಕಾನೂನು, ಪತ್ರಿಕೋದ್ಯಮದ ಕಡೆ ಹೊರಳುವವರಿಗೆ ಬಿಎ, ಬೇರೆ ವಿಷಯಗಳಿಗೆ ಜಾಗ ಹೆಚ್ಚು. ಇಂಗ್ಲೆಂಡಿನಲ್ಲಿ ಮೂರು ವರ್ಷದ ಬಿ.ಎಸ್ಸಿ.ಯ ಪಕ್ಕದಲ್ಲಿ ನಾಲ್ಕು ವರ್ಷದ ಎಂಫಿಸ್ ಇದೆ. ನಮ್ಮ ಮೂರು ವರ್ಷದ ಪದವಿ ಮುಗಿಸಿ ನೇರ ಅಮೆರಿಕಕ್ಕೆ ಪಿಎಚ್.ಡಿ.ಗೆ ಹೋಗುವುದು ತೊಡಕಿನ ಕೆಲಸ, ಎಂ.ಎಸ್ಸಿ. ಮುಗಿಸಿದರೆ ಆ ತೊಡಕು ಬಹುಮಟ್ಟಿಗೆ ಇಲ್ಲ. ನಾಲ್ಕು ವರ್ಷದ ಪದವಿಯಲ್ಲಿ ಶೇಕಡಾ 75 ತೆಗೆದವರು ನಮ್ಮಲ್ಲೂ ನೇರವಾಗಿ ಪಿಎಚ್.ಡಿ.ಗೆ ಅರ್ಜಿ ಹಾಕಬಹುದೆಂದು ಯುಜಿಸಿಯ 2022ರ ನಿಯಮ ಹೇಳುತ್ತದೆ. ಇದರ ಬಗ್ಗೆ ಇಷ್ಟು ಸಾಕು.

ಹಿಂದಿನವರ ಕಾಲದ ಮಾತೂ ಸ್ವಲ್ಪ ಹೇಳಬೇಕು, ಯಾಕೆಂದರೆ ಈಗಿನ ಆಯ್ಕೆಗಳ ಬೆಲೆ ಅದರಿಂದ ತಿಳಿಯುತ್ತದೆ. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಬಂದದ್ದು 1917ರಲ್ಲಿ. ಅದಕ್ಕೂ ಮೊದಲು ಈ ಸೀಮೆಯ ಹುಡುಗ ಪದವಿ ಓದಬೇಕೆಂದರೆ ಪುಣೆ, ಮುಂಬಯಿ. ಕಾಲೇಜು ಬಂದ ಮೇಲೂ ಪರೀಕ್ಷೆ ಮುಂಬಯಿ ವಿಶ್ವವಿದ್ಯಾಲಯದ್ದೇ. ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಮುಂಬಯಿಯಲ್ಲೇ ಹುಟ್ಟಿ ಮರು ವರ್ಷ ಧಾರವಾಡಕ್ಕೆ ಬಂತು. 1954ರಿಂದ 1967ರವರೆಗೆ ಅದನ್ನು ಬೆಳೆಸಿದ ಕುಲಪತಿ ಡಿ.ಸಿ. ಪಾವಟೆಯವರು ಗೋಕಾಕ ಸೀಮೆಯ ಹಳ್ಳಿಯಿಂದ ಹೋಗಿ ಕೇಂಬ್ರಿಜ್‌ನಲ್ಲಿ ರ್‍ಯಾಂಗ್ಲರ್ ಆಗಿ ಬಂದ ಗಣಿತಜ್ಞ. ದಕ್ಷಿಣದ ಕಡೆ ಗೌರಿಬಿದನೂರಿನ ಹತ್ತಿರದ ಹೊಸೂರಿನ ಬಡಮನೆಯ ಎಚ್. ನರಸಿಂಹಯ್ಯನವರು ಬೆಂಗಳೂರಿಗೆ ನಡೆದುಕೊಂಡೇ ಹೋಗಿ ಓದಿದರು. ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಆನರ್ಸ್, ಎಂ.ಎಸ್ಸಿ. ಮುಗಿಸಿ, ಮೇಷ್ಟ್ರಾಗಿ ಕೆಲಸ ಮಾಡುತ್ತಲೇ ಓಹಾಯೊಗೆ ಹೋಗಿ 1960ರಲ್ಲಿ ಪಿಎಚ್.ಡಿ. ಪಡೆದರು. ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣನವರು ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಭೌತಶಾಸ್ತ್ರದ ಬಿ.ಎಸ್ಸಿ. ಆನರ್ಸ್ ಓದಿದವರು. ಅವರಿಗೆ ಸಂಗೀತದ ಪದವಿಯೂ ಇತ್ತು, ಈಗಿನ ಕಾಂಬಿನೇಷನ್ ಪಟ್ಟಿಯಲ್ಲಿ ಅದನ್ನು ಹುಡುಕಬೇಡಿ.

ಇನ್ನು ಕನ್ನಡ ಮಾಧ್ಯಮದ ಮಕ್ಕಳ ಮಾತು. ಈ ಊರಿನ ಶಾಲೆಯಲ್ಲಿ ಹತ್ತನೆಯ ತರಗತಿವರೆಗೆ ವೇಗೋತ್ಕರ್ಷ, ಸಂವೇಗ, ವಕ್ರೀಭವನ ಎಂದು ಓದಿದ ಹುಡುಗಿ ಪಿಯುಸಿಗೆ ಹೋದ ಜೂನ್ ತಿಂಗಳಲ್ಲೇ ಮೂಕಿಯಾಗುತ್ತಾಳೆ. ಅವಳಿಗೆ ಭೌತಶಾಸ್ತ್ರ ಗೊತ್ತಿಲ್ಲವೆಂದಲ್ಲ, ಗೊತ್ತಿರುವುದಕ್ಕೆ ಬೇರೆ ಹೆಸರು ಬಂದಿದೆ. ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷ್ ಬರೆದುಕೊಂಡು ಎರಡು ತಿಂಗಳು ತಿರುವಿಹಾಕಿದರೆ ಆ ಗೋಡೆ ಬೀಳುತ್ತದೆ. ಮಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಭೌತವಿಜ್ಞಾನಿ ಎಂ.ಐ. ಸವದತ್ತಿಯವರಂಥವರು ಕನ್ನಡದಲ್ಲಿ ವಿಜ್ಞಾನ ಬರೆದಿದ್ದಾರೆ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲವಿಜ್ಞಾನ' ಪತ್ರಿಕೆ ದಶಕಗಳಿಂದ ಬರುತ್ತಿದೆ. ಪರಿಕಲ್ಪನೆಯನ್ನು ಕನ್ನಡದಲ್ಲಿ ಅರಗಿಸಿಕೊಂಡು ಉತ್ತರವನ್ನು ಇಂಗ್ಲಿಷಿನಲ್ಲಿ ಬರೆದವರು ಹಿಂದೆ ಬಿದ್ದದ್ದನ್ನು ನಾನು ಕಂಡಿಲ್ಲ. ಎರಡನ್ನೂ ಅರೆಬರೆ ಮಾಡಿಕೊಂಡವರು ಮಾತ್ರ ಕಷ್ಟಪಡುತ್ತಾರೆ.

ಕೊನೆಯದಾಗಿ ಕೌಂಟರಿನ ಮುಂದೆ ನಿಂತಾಗ ಕೇಳಬೇಕಾದ ಪ್ರಶ್ನೆಗಳು, ಮಕ್ಕಳು ಬೇಕಾದರೆ ಬರೆದುಕೊಳ್ಳಿ. ಮೂರು ವಿಷಯಗಳು ಯಾವುವು, ಅದರಲ್ಲಿ ಗಣಿತ ಮೂರೂ ವರ್ಷ ಇದೆಯೇ? ಕೊನೆಯ ವರ್ಷದಲ್ಲಿ ಒಂದೇ ವಿಷಯದ ಮೇಲೆ ಹೆಚ್ಚು ಒತ್ತು ಕೊಡುವ ಆಯ್ಕೆ ಇದ್ದರೆ ಅದರಲ್ಲಿ ಭೌತಶಾಸ್ತ್ರ ಈ ಕಾಲೇಜಿನಲ್ಲಿ ನಿಜವಾಗಿ ನಡೆಯುತ್ತದೆಯೇ, ಇಲ್ಲ ಪಟ್ಟಿಯಲ್ಲಷ್ಟೇ ಇದೆಯೇ? ಕಾಯಂ ಉಪನ್ಯಾಸಕರು ಎಷ್ಟು, ಅತಿಥಿ ಉಪನ್ಯಾಸಕರು ಎಷ್ಟು? ಅತಿಥಿಗಳು ಚೆನ್ನಾಗಿ ಕಲಿಸುವುದಿಲ್ಲವೆಂದು ನಾನು ಹೇಳುತ್ತಿಲ್ಲ, ಅವರ ನೇಮಕದ ಆದೇಶ ಬರುವ ಹೊತ್ತಿಗೆ ಅರ್ಧ ಸೆಮಿಸ್ಟರ್ ಮುಗಿದಿರುವುದುಂಟು. ಪ್ರವೇಶದ ನೋಂದಣಿ ನಡೆಯುವ ಯುಯುಸಿಎಂಎಸ್ ಪೋರ್ಟಲಿನಲ್ಲಿ ಕಾಂಬಿನೇಷನ್ ತಪ್ಪಾಗಿ ನಮೂದಾದರೆ ತಿದ್ದಲು ಕೊನೆಯ ದಿನ ಯಾವುದು? ಈ ಕೊನೆಯ ಪ್ರಶ್ನೆ ಕ್ಷುಲ್ಲಕವೆನಿಸಬಹುದು. ಮಗ ಪಿಸಿಎಂ ಎಂದುಕೊಂಡು ತರಗತಿಗೆ ಹೋಗುತ್ತಿದ್ದು, ಹಾಲ್ ಟಿಕೆಟಿನಲ್ಲಿ ಬೇರೆ ವಿಷಯ ಅಚ್ಚಾಗಿ ಬಂದು, ಪರೀಕ್ಷೆಯ ಹಿಂದಿನ ದಿನ ತಂದೆ ಮಗ ಇಬ್ಬರೂ ಧಾರವಾಡದ ಬಸ್ಸು ಹಿಡಿದದ್ದನ್ನು ಕಂಡ ಮೇಲೆ ನಾನು ಇದನ್ನು ಪಟ್ಟಿಗೆ ಸೇರಿಸಿದೆ. ಅರ್ಜಿಯ ಮುದ್ರಿತ ಪ್ರತಿಯನ್ನು ಅಲ್ಲೇ ನಿಂತು ಓದಿ, ಮೂರೂ ವಿಷಯಗಳ ಹೆಸರಿನ ಕೆಳಗೆ ಗೆರೆ ಎಳೆದು, ಒಂದು ಝೆರಾಕ್ಸ್ ಮನೆಗೆ ತನ್ನಿ.